ಗುಡ್ಡದಾಚೆಯ ಪ್ರಾಂಪ್ಟರನಿಗಾಗಿ ಒಂದಿಷ್ಟು ಗೊರಗೊರ

ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತವರೇ, ಹಿಂದೆ ಗೋಡೆಗೆ ಬೆನ್ನು ಕೊಟ್ಟು ನಿಂತವರೇ, ಟಿಕೆಟಿಲ್ಲದೆ ಕಿಟಕಿಯಲ್ಲಿ ಮುಖ ತೂರಿಸಿದವರೇ, ಅಡುಗೆಮನೆಯ ಕಪಾಟಿನ ಮೇಲೆ, ಅಂಗಡಿಯ ಗಲ್ಲಾದ ಪಕ್ಕ, ಲಾರಿಯ ಸೀಟಿನ ಹಿಂದೆ ರೇಡಿಯೋ ಇಟ್ಟುಕೊಂಡಿರುವ ಸಮಸ್ತ ಶ್ರೋತೃ ಮಹಾಜನರೇ! ಗದ್ದಲ ನಿಲ್ಲಲಿ. ಈ ಪತ್ರ ನಿಮಗೆ ಬರೆದದ್ದಲ್ಲ. ಆದರೆ ನೀವೆಲ್ಲ ಕೇಳಲಿ ಎಂದೇ ಗಟ್ಟಿಯಾಗಿ ಓದುತ್ತಿದ್ದೇನೆ. ಯಾರಿಗೆ ಬರೆದಿದ್ದೇನೋ ಅವರ ಕಿವಿಯಲ್ಲಿ ಮೆಲ್ಲಗೆ ಎರಡು ಸಲ ಹೇಳಿ ನೋಡಿದ್ದಾಯಿತು; ಇನ್ನು ಸಭೆಯ ಮುಂದೆಯೇ ಹೇಳಬೇಕು.

ಪ್ರಸಾರ ಪರಿವರ್ತನಾ ಕಚೇರಿಯ ಮಾನ್ಯ ಅಧಿಕಾರಿಗಳೇ,

ಈ ತಿಂಗಳು ಮುಗಿಯುವುದರೊಳಗೆ ನಮ್ಮ ಎಎಂ ಕೇಂದ್ರದ ಹಳೆಯ ಅನಲಾಗ್ ಪ್ರಸಾರವನ್ನು ಆರಿಸಿಬಿಟ್ಟು, ಅದೇ ತರಂಗದಲ್ಲಿ ಬರೀ ಡಿಜಿಟಲ್ ಪ್ರಸಾರ ಮಾಡುವುದಾಗಿ ಪ್ರಕಟಿಸಿದ್ದೀರಿ. ಹೊಸ ಡಿಜಿಟಲ್ ಪೆಟ್ಟಿಗೆ ಇಲ್ಲದವರು ಅದೇ ಕಾರ್ಯಕ್ರಮವನ್ನು ಅದೇ ಹೊತ್ತಿಗೆ ಎಫ್‌ಎಂನಲ್ಲಿ ಕೇಳಬಹುದೆಂದು ಸಮಾಧಾನವನ್ನೂ ಹೇಳಿದ್ದೀರಿ. ನನ್ನ ತಕರಾರು ಒಂದೇ ವಾಕ್ಯದ್ದು. ನೀವು ಆರಿಸಲು ಹೊರಟಿರುವ ಆ ಗೊರಗೊರ ಪ್ರಸಾರವನ್ನು ಹಿಡಿದುಕೊಂಡು ನನ್ನ ಮಾವ ಮತ್ತೆ ಮಾತು ಕಲಿಯುತ್ತಿದ್ದಾರೆ. ಇಷ್ಟೇ. ಇಲ್ಲಿಗೆ ಸಹಿ ಹಾಕಿ ಲಕೋಟೆ ಅಂಟಿಸಬಹುದಿತ್ತು. ಆದರೆ ಹುಟ್ಟಿದಾಗಿನಿಂದ ರಂಗದ ಮೇಲೆ ಬೆಳೆದವನು, ತೊಟ್ಟಿಲ ಬದಲು ವೇಷದ ಪೆಟ್ಟಿಗೆಯಲ್ಲಿ ಮಲಗಿದವನು, ಒಂದು ವಾಕ್ಯ ಹೇಳಿ ಪಕ್ಕಕ್ಕೆ ಸರಿಯುವುದುಂಟೆ?

ಮೊದಲು ನನ್ನ ಪರಿಚಯ. ಭಾನುವಾರ ಮಧ್ಯಾಹ್ನ ನಿಮ್ಮ ಕೇಂದ್ರದಿಂದ ಬರುವ ನಾಟಕದಲ್ಲಿ ರಾಜನಾಗಿ ಅಬ್ಬರಿಸುವವನು ನಾನೇ. ನಮ್ಮ ನಾಟಕ ಕಂಪನಿಯ ರಂಗಮಂದಿರ ಪೀಠೋಪಕರಣದ ಗೋದಾಮಾಗಿ ಹೋದ ಮೇಲೆ ಆಕಾಶವಾಣಿಯವರು ನಮ್ಮನ್ನು ಸ್ಟುಡಿಯೋದೊಳಕ್ಕೆ ಕರೆದುಕೊಂಡರು. ಧ್ವನಿಮುದ್ರಣ ನಮಗೆ ಒಗ್ಗಲಿಲ್ಲ. ಎದುರಿಗೆ ಯಾರೂ ಕೆಮ್ಮದಿದ್ದರೆ ನಮ್ಮ ರಾಣಿ ಪಾತ್ರದವಳಿಗೆ ಅಳು ಬರುವುದಿಲ್ಲ. ಆದ್ದರಿಂದ ಒಂದಷ್ಟು ಕುರ್ಚಿ ಹಾಕಿಸಿ, ಪಕ್ಕದ ಬೀದಿಯವರನ್ನು ಕೂರಿಸಿ, ಕಂಪನಿಯ ಹಳೆಯ ನಾಟಕಗಳನ್ನೇ ಸರದಿಯ ಮೇಲೆ ನೇರಪ್ರಸಾರದಲ್ಲಿ ಆಡುತ್ತೇವೆ. ನನ್ನ ಗಂಟಲಿಗೆ ಮೈಕು ಬೇಕಿಲ್ಲ ಎಂದು ನಿಮ್ಮ ತಂತ್ರಜ್ಞರೇ ದೂರಿದ್ದಾರೆ. ಮೈಕಿನಿಂದ ಆರು ಅಡಿ ದೂರ ನಿಲ್ಲಿಸಿ, ಮುಖವನ್ನು ಗೋಡೆಗೆ ತಿರುಗಿಸಿಟ್ಟಿರುತ್ತಾರೆ. ರಾಜನೊಬ್ಬನು ಗೋಡೆ ನೋಡುತ್ತ ಸೈನ್ಯಕ್ಕೆ ಅಪ್ಪಣೆ ಕೊಡುವ ದೃಶ್ಯವನ್ನು ಕೇಳುಗರು ಕಾಣುವುದಿಲ್ಲ. ಅದು ರೇಡಿಯೋದ ಕೃಪೆ.

ಹಾಗಾಗಿ ನಾನು ಡಿಜಿಟಲ್‌ನ ವೈರಿ ಎಂದುಕೊಳ್ಳಬೇಡಿ. ನೀವು ಪರೀಕ್ಷೆಗೆ ಕೊಟ್ಟ ಹೊಸ ಪೆಟ್ಟಿಗೆಯಲ್ಲಿ ನನ್ನ ಹಳೆಯ ನಾಟಕದ ಮರುಪ್ರಸಾರ ಕೇಳಿ ದಂಗಾಗಿ ಹೋದೆ. ಗೊರಗೊರವಿಲ್ಲ, ಸಿಳ್ಳೆಯಿಲ್ಲ, ಪಕ್ಕದ ಸ್ಟೇಷನ್ನಿನವನು ನಡುವೆ ಬಂದು ಹವಾಮಾನ ಹೇಳುವುದಿಲ್ಲ. ರಾಣಿ ನಿಟ್ಟುಸಿರು ಬಿಟ್ಟರೆ ಸೆರಗು ಹಾರಿದ್ದೂ ಕೇಳುತ್ತದೆ. ವಿದ್ಯುತ್ತು ಉಳಿಯುತ್ತದೆ, ಒಂದೇ ತರಂಗದಲ್ಲಿ ಎರಡು ಮೂರು ಕಾರ್ಯಕ್ರಮ ಕಳಿಸಬಹುದು ಎಂದು ನೀವು ಹೇಳಿದ್ದನ್ನೂ ಒಪ್ಪುತ್ತೇನೆ. ಕೈಯೆತ್ತಿ ಒಪ್ಪುತ್ತೇನೆ, ಚಪ್ಪಾಳೆ ತಟ್ಟಿ ಒಪ್ಪುತ್ತೇನೆ.

ಆದರೆ "ಅದೇ ಹೊತ್ತಿಗೆ" ಎಂಬ ನಿಮ್ಮ ಮಾತೊಂದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಹೆಂಡತಿ ಎಫ್‌ಎಂ ಹಾಕುತ್ತಾಳೆ. ಮೇಲಿನ ಮನೆಯ ಗಡಿಯಾರ ರಿಪೇರಿಯವರು ಡಿಜಿಟಲ್ ಪೆಟ್ಟಿಗೆ ತಂದಿದ್ದಾರೆ. ಎಫ್‌ಎಂನ ಅನಲಾಗ್ ಮಾತು ನೆಟ್ಟಗೆ ಬರುತ್ತದೆ. ಡಿಜಿಟಲ್ ಮಾತು ಮೂಟೆ ಕಟ್ಟಿಸಿಕೊಂಡು, ಬಿಚ್ಚಿಸಿಕೊಂಡು, ಸಾವಕಾಶವಾಗಿ ಬರುತ್ತದೆ. ವಿದೂಷಕನ ಮಾತಿಗೆ ನನ್ನವಳು ನಕ್ಕು, ಕಣ್ಣೊರೆಸಿಕೊಂಡು, ಮತ್ತೆ ಈರುಳ್ಳಿ ಹೆಚ್ಚಲು ಶುರುಮಾಡಿದ ಮೇಲೆ ಮೇಲ್ಮನೆಯಿಂದ ನಗು ಉರುಳುತ್ತದೆ. ಹೋದ ತಿಂಗಳು ನಾನು ಯುದ್ಧದಲ್ಲಿ ಸತ್ತೆ. ಕೆಳಮನೆಯಲ್ಲಿ ನನ್ನ ಹೆಣದ ಮುಂದೆ ಶೋಕಗೀತೆ ಆರಂಭವಾಗಿದೆ, ಮೇಲ್ಮನೆಯಲ್ಲಿ ನಾನಿನ್ನೂ ಕತ್ತಿ ಝಳಪಿಸುತ್ತ "ಯಾರಲ್ಲಿ!" ಎನ್ನುತ್ತಿದ್ದೇನೆ. ನಾನು ಸ್ಟುಡಿಯೋದಿಂದ ಬಂದಾಗ ಹೆಂಡತಿ ಕೇಳಿದಳು: "ರೀ, ನೀವು ಸತ್ತಿದ್ದು ಎಷ್ಟು ಗಂಟೆಗೆ? ಮೇಲಿನವರ ಪ್ರಕಾರವೋ, ನಮ್ಮ ಪ್ರಕಾರವೋ?" ಇಷ್ಟನ್ನು ನಾನು ನಕ್ಕು ಬಿಟ್ಟುಬಿಡುತ್ತಿದ್ದೆ. ಸಾಯುವುದಕ್ಕೆ ಸ್ವಲ್ಪ ಹೆಚ್ಚು ಕಾಲಾವಕಾಶ ಸಿಕ್ಕರೆ ಯಾವ ನಟ ಬೇಡವೆನ್ನುತ್ತಾನೆ?

ನಗಲಾಗದ ಭಾಗ ಗುಡ್ಡದಾಚೆ ಇದೆ.

ನನ್ನ ಮಾವ, ಅಂದರೆ ಹೆಂಡತಿಯ ತಂದೆ, ನಮ್ಮ ಕಂಪನಿಯ ಪ್ರಾಂಪ್ಟರ್ ಆಗಿದ್ದವರು. ಪಕ್ಕದ ಪರದೆಯ ಮರೆಯಲ್ಲಿ ಮೋಟು ಸ್ಟೂಲಿನ ಮೇಲೆ ಕುಳಿತು, ನಟ ಮಾತು ಮರೆತ ಕ್ಷಣ ಮುಂದಿನ ಪದವನ್ನು ಪಿಸುಗುಟ್ಟುವ ಕೆಲಸ. ಕಂಪನಿಯವರು ಅವರನ್ನು ಕರೆಯುತ್ತಿದ್ದುದೇ 'ಪಿಸುಮಾವ' ಎಂದು. ನಾನು ಅಳಿಯನಾಗುವ ಮೊದಲೇ ಅವರು ಊರಿಗೆಲ್ಲ ಮಾವ. ಅವರ ಪಿಸುಮಾತಿನ ಚಮತ್ಕಾರವೇನೆಂದರೆ, ರಂಗದ ಮೇಲೆ ನಿಂತವನಿಗೆ ಕೇಳುತ್ತಿತ್ತು, ಮೊದಲ ಸಾಲಿಗೆ ಕೇಳುತ್ತಿರಲಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಬೀಳುತ್ತಿರಲಿ, ಜನರೇಟರ್ ಗುಡುಗಲಿ, ಮಕ್ಕಳು ಅರಚಲಿ, ಆ ಗದ್ದಲದೊಳಗಿಂದ ನಟನ ದನಿಯನ್ನು ಹೆಕ್ಕಿ ಹಿಡಿಯುವ ಕಿವಿ ಅವರದು. ಗದ್ದಲಕ್ಕೆ ಅವರು ಎಂದೂ ಅಂಜಿದವರಲ್ಲ. ಅಂಜುತ್ತಿದ್ದುದು ಮೌನಕ್ಕೆ. ಪ್ರಾಂಪ್ಟರನ ಪಾಲಿಗೆ ರಂಗದ ಮೇಲಿನ ಮೌನಕ್ಕೆ ಒಂದೇ ಅರ್ಥ: ಯಾವನೋ ಮಾತು ಮರೆತ.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಸುಧಾರಿಸಿತು, ಮಾತು ಹೋಯಿತು. ಹೋಗಿ ಒಂದೇ ಒಂದು ಪದ ಉಳಿಯಿತು: "ಅಲ್ಲ." ಚಹಾ ಬೇಕಾ ಎಂದರೆ "ಅಲ್ಲ" ಎಂದು ಲೋಟಕ್ಕೆ ಕೈ ಚಾಚುತ್ತಿದ್ದರು. ಸಕ್ಕರೆ ಸಾಕಾ ಎಂದರೆ "ಅಲ್ಲ" ಎಂದು ನಗುತ್ತ ಕುಡಿಯುತ್ತಿದ್ದರು. ಸಾವಿರಾರು ಮಾತುಗಳನ್ನು ಬೇರೆಯವರ ಬಾಯಿಗೆ ಇಟ್ಟವರ ಬಾಯಲ್ಲಿ ಈ ಒಂದು ಪದ! ಅವರಿರುವುದು ಗುಡ್ಡದ ಹಿಂದಿನ ಊರಿನಲ್ಲಿ, ನನ್ನ ನಾದಿನಿಯ ಜೊತೆ. ಅವಳದು ಲಾಂಡ್ರಿ ಅಂಗಡಿ. ಕೆಳಗೆ ಇಸ್ತ್ರಿಯ ಹಬೆ, ಸೋಪಿನ ವಾಸನೆ, ಗಿರಾಕಿಗಳ ಜಗಳ; ಮೇಲೆ ಮಾವನ ಕೋಣೆ, ಕಿಟಕಿಯ ಪಕ್ಕ ಮಂಚ, ಮಂಚದ ತಲೆದೆಸೆಯಲ್ಲಿ ಹಳೆಯ ಎಎಂ ರೇಡಿಯೋ.

ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ಹೇಳಿದ್ದಿಷ್ಟು: "ಹೊಸದಾಗಿ ಮಾತು ಕಟ್ಟೋದು ಅವರಿಗೆ ಕಷ್ಟ. ಆದ್ರೆ ಬಾಯಿಪಾಠ ಆಗಿರೋದು ಕೆಲವು ಸಲ ಬೇರೆ ಬಾಗಿಲಿಂದ ಹೊರಗೆ ಬರುತ್ತೆ. ಅವರಿಗೆ ಏನು ಬಾಯಿಪಾಠ ಇದೆ?"

ನಾದಿನಿ ಹಣೆ ಚಚ್ಚಿಕೊಂಡಳು. "ಏನಿಲ್ಲ ಅಂತ ಕೇಳಿ ಡಾಕ್ಟ್ರೇ! ನನ್ನ ಹುಟ್ಟಿದ ದಿನ ಒಂದು ಬಿಟ್ಟು, ಇಡೀ ಕಂಪನಿ ನಾಟಕ ಅಷ್ಟೂ ಗೊತ್ತು."

ಅಲ್ಲಿಂದ ಭಾನುವಾರದ ನಾಟಕವೇ ಔಷಧವಾಯಿತು. ಹೇಗೆಂದು ಸ್ವಲ್ಪ ಗಮನವಿಟ್ಟು ಕೇಳಿ, ಯಾಕೆಂದರೆ ನಿಮ್ಮ ಯಂತ್ರಗಳಿಗೂ ನಮ್ಮ ಮನೆಗೂ ಇರುವ ವ್ಯಾಜ್ಯವೆಲ್ಲ ಇಲ್ಲೇ ಇದೆ. ಪ್ರಾಂಪ್ಟರನಾದವನು ನಟನ ಜೊತೆಯಲ್ಲಿ ಮಾತಾಡುವುದಿಲ್ಲ. ಅರ್ಧ ಉಸಿರು ಮುಂಚೆ ಮಾತಾಡುತ್ತಾನೆ. ಮಾವ ರೇಡಿಯೋದ ಮುಂದೆ ಕುಳಿತು ತುಟಿ ಅಲುಗಿಸತೊಡಗಿದರು. ಒಂದು ಭಾನುವಾರ "ಬಾಗಿಲು" ಎಂದರು. ನನ್ನ ಬಾಯಿಂದ ಅದು ಬರುವ ಮುಂಚೆಯೇ! ನಾದಿನಿ ಫೋನಿನಲ್ಲಿ ಹೇಳಿದಾಗ ನಾನು ಬಸ್ ನಿಲ್ದಾಣದಲ್ಲಿದ್ದೆ. ಅಲ್ಲೇ ನಿಂತು ಎಷ್ಟು ಜೋರಾಗಿ "ಬಾಗಿಲು!" ಎಂದು ಕೂಗಿದೆನೆಂದರೆ ಹೊರಟಿದ್ದ ಬಸ್ಸಿನ ಕಂಡಕ್ಟರ್ ಬಾಗಿಲು ತೆರೆದುಕೊಟ್ಟ.

ಅಂದಿನಿಂದ ನಾನೊಂದು ಪದ್ಧತಿ ಇಟ್ಟುಕೊಂಡೆ. ಪ್ರತಿ ಸಂಭಾಷಣೆಗೆ ಮುಂಚೆ ಅರ್ಧ ಉಸಿರು ತಡೆಯುತ್ತೇನೆ. ಅಷ್ಟು ಜಾಗ ಮಾವನದು. ಸ್ಟುಡಿಯೋದ ನಿರ್ದೇಶಕರು "ನಿಮ್ಮ ರಾಜ ಈಚೆಗೆ ಯೋಚಿಸಿ ಮಾತಾಡ್ತಾನೆ, ಒಳ್ಳೇ ಬೆಳವಣಿಗೆ" ಎಂದು ಬೆನ್ನು ತಟ್ಟಿದರು. ಗುಡ್ಡದಾಚೆ ಆ ಅರ್ಧ ಉಸಿರಿನೊಳಗೆ "ಬಾಗಿಲು" ಹೋಗಿ "ಬಾಗಿಲು ತೆಗೆ" ಆಯಿತು. ಆಮೇಲೆ ರಾಣಿಯ ಮಾತಿನಿಂದ "ನಾಥ" ಬಂತು. ಅದನ್ನು ಅವರು ಲಾಂಡ್ರಿಗೆ ಬಂದ ಪೊಲೀಸಿನವನಿಗೂ ಪ್ರಯೋಗಿಸಿದರೆನ್ನಿ. ಬಂದದ್ದು ಬರಲಿ ಎಂದು ನಾವೆಲ್ಲ ಹಿಗ್ಗಿದೆವು. ಗುಡ್ಡ ದಾಟುವಷ್ಟರಲ್ಲಿ ನಿಮ್ಮ ಅನಲಾಗ್ ಪ್ರಸಾರಕ್ಕೆ ಕೆಮ್ಮು, ದಮ್ಮು, ಸಕಲ ರೋಗಗಳೂ ಅಂಟಿಕೊಂಡಿರುತ್ತವೆ, ನಿಜ. ಆದರೆ ಬಂದು ಮುಟ್ಟುತ್ತದೆ. ಆ ಗೊರಗೊರ ಮಾವನಿಗೆ ತೊಂದರೆಯೇ ಅಲ್ಲ. ತಗಡಿನ ಮಾಡಿನ ಮೇಲಿನ ಮಳೆಯಲ್ಲಿ ಜೀವಮಾನ ಕಳೆದವರು ಅವರು.

ಈಗ ನಿಮ್ಮ ಪ್ರವೇಶ, ಮಾನ್ಯರೇ. ಕೊಂಬು ಕಹಳೆ ಊದಲಿ.

ಒಂದು ಭಾನುವಾರವನ್ನು 'ಪ್ರಾಯೋಗಿಕ ಭಾನುವಾರ' ಎಂದು ಸಾರಿದಿರಿ. ಆ ಮಧ್ಯಾಹ್ನವಿಡೀ ಅನಲಾಗ್ ಬಂದ್, ಡಿಜಿಟಲ್ ಮಾತ್ರ. ಆಸಕ್ತರಿಗೆ ಪರೀಕ್ಷೆಯ ಪೆಟ್ಟಿಗೆ ಕೊಟ್ಟಿರಿ. ನಾನು ಉತ್ಸಾಹದಿಂದ ಒಂದನ್ನು ಹೊತ್ತುಕೊಂಡು ಹೋಗಿ ಮಾವನ ತಲೆದೆಸೆಯಲ್ಲಿಟ್ಟೆ. ಹಳೆಯ ರೇಡಿಯೋವನ್ನು ಕೆಳಗೆ ಲಾಂಡ್ರಿಯ ಕಪಾಟಿಗೆ ಸಾಗಿಸಿದೆವು. ಅಂದಿನ ನಾಟಕ ಮಾವನ ಕಣ್ಮಣಿ: ಸೋತು ಓಡಿಹೋಗಿದ್ದ ರಾಜ ವೇಷ ಮರೆಸಿಕೊಂಡು ಸ್ವಂತ ಕೋಟೆಗೆ ಮರಳುತ್ತಾನೆ, ಕಾವಲುಗಾರ ಗುರುತು ಹಿಡಿಯುವುದಿಲ್ಲ. ಆಗ ರಾಜ ಕೂಗುತ್ತಾನೆ: "ಬಾಗಿಲು ತೆಗೆ! ಒಳಗೆ ಕಿರೀಟ ಕಾಯುತ್ತಿದೆ, ಹೊರಗೆ ತಲೆ ಬಂದು ನಿಂತಿದೆ!" ನಾಟಕ ಮುಗಿದು ಮುಖ ತೊಳೆಯುವುದರೊಳಗೆ ನಾದಿನಿಯ ಫೋನು.

"ಭಾವಾ! ಅಪ್ಪ ಮಾತಾಡಿದ್ರು! ಪೂರ್ತಿ ಡೈಲಾಗು! ಕಿರೀಟ, ತಲೆ, ಎಲ್ಲಾ!"

"ನಿಜವಾಗ್ಲೂ? ಮತ್ಯಾಕೆ ಅಳ್ತಿದ್ದೀಯ?"

"ನಿಲ್ಲಿಸ್ಲಿಲ್ಲ ಭಾವ. ಅದಕ್ಕೇ."

ಆದದ್ದು ಇದು. ಆರಂಭದಲ್ಲಿ ಹೊಸ ಪೆಟ್ಟಿಗೆ ಕನ್ನಡಿಯಂತೆ ಸ್ವಚ್ಛವಾಗಿ ನುಡಿಯಿತು. ಮಾವ ಹುಬ್ಬೇರಿಸಿ ಮೆಚ್ಚುಗೆಯಿಂದ "ಅಲ್ಲ!" ಎಂದರಂತೆ. ಕೋಟೆಯ ಬಾಗಿಲ ದೃಶ್ಯ ಬಂತು. ನಾನು ಸ್ಟುಡಿಯೋದಲ್ಲಿ ಅರ್ಧ ಉಸಿರು ತಡೆದು ಅಬ್ಬರಿಸಿದೆ. ಗುಡ್ಡದಾಚೆಯ ಪೆಟ್ಟಿಗೆ ಆ ಕ್ಷಣಕ್ಕೆ ಸರಿಯಾಗಿ ಬಾಯಿ ಮುಚ್ಚಿತು. ಗೊರಗೊರವಿಲ್ಲ, ಸಿಳ್ಳೆಯಿಲ್ಲ, ನೀವು ಜಾಹೀರಾತಿನಲ್ಲಿ ಹೇಳಿದ ಹಾಗೆಯೇ. ಪರಿಶುದ್ಧ, ಉತ್ತಮ ಗುಣಮಟ್ಟದ ಮೌನ. ಮಾವ ಒಂದು ಉಸಿರು ಕಾದರು. ಪ್ರಾಂಪ್ಟರನ ಧರ್ಮ ಅದು, ತಡೆದು ನಿಂತ ನಟನಿಗೆ ನೆನಪಿಸಿಕೊಳ್ಳಲು ಒಂದು ಉಸಿರು ಕೊಡಬೇಕು. ಆಮೇಲೆ ಪಿಸುಗುಟ್ಟಿದರು. ಪೆಟ್ಟಿಗೆ ಸುಮ್ಮನೆ. ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಸುಮ್ಮನೆ. ಕೊನೆಗೆ ಎದ್ದು ನಿಂತು, ಕೆಳಗಿನ ಗಿರಾಕಿಗಳು ತಲೆಯೆತ್ತಿ ನೋಡುವ ಹಾಗೆ, ಕಾಯಿಲೆ ಬಿದ್ದ ಮೇಲೆ ಮೊದಲ ಬಾರಿಗೆ ಪೂರ್ತಿ ವಾಕ್ಯವನ್ನು ಕೂಗಿದರು. ನಾದಿನಿ ಇಸ್ತ್ರಿ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆಯೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು. ಕೆಳಗೆ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಅಂಗಿಯವನು ಮಾತ್ರ ತಟ್ಟಲಿಲ್ಲ.

ನೋಡಿದಿರಾ, ನಮ್ಮ ಡಿಜಿಟಲ್‌ನಿಂದಲೇ ಅವರಿಗೆ ಮಾತು ಬಂತಲ್ಲ ಎಂದು ಕುರ್ಚಿಯಲ್ಲಿ ನೆಟ್ಟಗಾಗಿದ್ದೀರಿ. ಕುಳಿತಿರಿ. ದೃಶ್ಯ ಮುಗಿದಿಲ್ಲ.

ಪೆಟ್ಟಿಗೆ ಆಮೇಲೂ ತುಟಿ ಬಿಚ್ಚಲಿಲ್ಲ. ಮಾವನ ಲೆಕ್ಕದಲ್ಲಿ ಅಳಿಯ ಸಭೆಯ ಮುಂದೆ ಬಾಯಿ ತೆರೆದುಕೊಂಡು ಕಲ್ಲಿನಂತೆ ನಿಂತಿದ್ದಾನೆ. ಅವರು ಮುಂದಿನ ಮಾತು ಹೇಳಿದರು. ಅದರ ಮುಂದಿನದು ಹೇಳಿದರು. ಕಾವಲುಗಾರನದೂ ಹೇಳಿದರು. ಕೆಲವು ಪದ ಸಿಕ್ಕವು, ಕೆಲವು ಮುರಿದವು, ಕೆಲವು ಬರೀ ಗಾಳಿಯಾದವು. ಮಗಳು "ಅಪ್ಪಾ, ಸಾಕು, ಪೆಟ್ಟಿಗೆ ಕೆಟ್ಟಿದೆ ಅಷ್ಟೆ" ಎಂದು ಕೈ ಹಿಡಿದರೆ ಕೊಡವಿದರು. ಗಂಟಲು ಬಿದ್ದುಹೋಯಿತು. ಬೆವರು ಇಳಿಯಿತು. ಆಗ ಪೆಟ್ಟಿಗೆಗೆ ಇದ್ದಕ್ಕಿದ್ದಂತೆ ಜೀವ ಬಂತು. ಮುಂದಿನ ಅಂಕದಲ್ಲಿ ರಾಣಿ ಹಾಯಾಗಿ ಹೂವು ಕೀಳುತ್ತಿದ್ದಳು. ಮಾವನಿಗೆ ಅರ್ಥವಾಗಿಹೋಯಿತು: ಮಾತು ಮರೆತ ರಾಜನನ್ನು ರಂಗದಿಂದ ಎಳೆದುಕೊಂಡು ಹೋಗಿ, ದೃಶ್ಯವನ್ನೇ ಕತ್ತರಿಸಿ ನಾಟಕ ಮುಂದುವರಿಸಿದ್ದಾರೆ. ಮಂಚದ ಮೇಲೆ ಕುಸಿದು ಗೋಡೆಗೆ ಮುಖ ಮಾಡಿ ಅತ್ತರು.

ಮರುದಿನ ಅವರ ಬಾಯಲ್ಲಿ ಎರಡು ಪದಗಳಿದ್ದವು: "ಅಳಿಯ ಮರೆತ." ಹಾಲಿನವನಿಗೆ ಹೇಳಿದರು. ಗಿರಾಕಿಗಳಿಗೆ ಹೇಳಿದರು. ಡಾಕ್ಟರಮ್ಮನಿಗೂ ಹೇಳಿದರು. ನಾನು ಹೋದಾಗ ಇಡೀ ಬೀದಿ ನನ್ನನ್ನು ಸಾವಿನ ಮನೆಯವನಂತೆ ನೋಡಿತು. ಬೇಕರಿಯವನು ನನ್ನ ಭುಜ ಹಿಡಿದು, "ಬೇಜಾರು ಮಾಡ್ಕೋಬೇಡಿ ಸಾರ್, ವಯಸ್ಸಾಯ್ತು, ನಂಗೂ ಉಪ್ಪು ಹಾಕಿದ್ನೋ ಇಲ್ವೋ ನೆನಪಿರಲ್ಲ" ಎಂದ. ಮಾವನ ಮುಂದೆ ನಿಂತು ಇಡೀ ದೃಶ್ಯವನ್ನು ಒಂದು ಅಕ್ಷರ ಬಿಡದೆ ಆಡಿ ತೋರಿಸಿದೆ. ಅವರು ನನ್ನ ಕೈ ಸವರಿ, ಕೋಣೆಯ ಸುತ್ತ ಬೆರಳು ತೋರಿಸಿ, ಮೆಲ್ಲಗೆ "ಅಲ್ಲ" ಎಂದರು. ನನಗೆ ತಿಳಿಯಿತು. ಮನೆಯಲ್ಲಿ ಯಾವ ನಟನಿಗೆ ಮಾತು ಬರುವುದಿಲ್ಲ? ಸಭೆಯ ಮುಂದೆ ಬರಬೇಕು. ಮುಂದಿನ ಭಾನುವಾರ ಅನಲಾಗ್ ಮರಳಿತು, ಆದರೆ ಅವರು ರೇಡಿಯೋವನ್ನು ಮೇಲಕ್ಕೆ ತರಗೊಡಲಿಲ್ಲ. ಇನ್ನೊಂದು ಭಾನುವಾರವೂ ಇಲ್ಲ. ಅಳಿಯನ ಅವಮಾನವನ್ನು ಎರಡನೆಯ ಸಲ ಕೇಳುವ ಧೈರ್ಯ ಅವರಿಗಿರಲಿಲ್ಲ. "ನಾಥ" ಹೋಯಿತು. "ಬಾಗಿಲು" ಹೋಯಿತು. ಮತ್ತೆ ಎಲ್ಲದಕ್ಕೂ "ಅಲ್ಲ."

ಅಷ್ಟರಲ್ಲಿ ನಾನು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ನೀವು ಸಭೆಯಿಂದ ಇಳಿಯುವುದೇ ಇಲ್ಲ. ನಮ್ಮ ಕಂಪನಿಯಲ್ಲಿದ್ದಿದ್ದರೆ ನಾಯಕ ಪಾತ್ರ ನಿಮಗೇ. ವಿಚಾರಣೆಯ ಕಿಟಕಿಯಲ್ಲಿದ್ದ ನಿಮ್ಮ ಸಹಾಯಕರು ಸೌಜನ್ಯದವರು.

"ಅಲ್ಲಿ ಎಫ್‌ಎಂ ಕೇಳಬಹುದಲ್ಲ ಸಾರ್?"

"ಕೇಳಬಹುದು. ನಡುವೆ ಗುಡ್ಡ ಇದೆ. ಎಫ್‌ಎಂ ಅದಕ್ಕೆ ಹಣೆ ಹೊಡ್ಕೊಂಡು ಈ ಕಡೆಗೇ ಬೀಳುತ್ತೆ."

"ಓ. ಹಾಗಾದ್ರೆ ಮೊಬೈಲ್‌ನಲ್ಲಿ?"

"ಲಾಂಡ್ರಿ ಬಾಗಿಲಲ್ಲಿ ನಿಂತ್ರೆ ಸಿಗ್ನಲ್ಲು. ಮೆಟ್ಟಿಲು ಹತ್ತಿದ್ರೆ ಚಕ್ರ ತಿರುಗ್ತಾ ಕೂರುತ್ತೆ. ಅದೂ ಮೌನವೇ ಅಲ್ವಾ?"

"ಅಲ್ಲಿ ಡಿಜಿಟಲ್ ಬರುತ್ತೆ ಅಂತ ವರದಿ ಇದೆಯಲ್ಲ ಸಾರ್."

"ವರದಿ ಬರೆದವರು ಎಲ್ಲಿ ನಿಂತಿದ್ರು?"

ಅವರು ನಕ್ಷೆ ತೆಗೆದು ನೋಡಿದರು. ಅಳತೆಯ ವ್ಯಾನು ಗುಡ್ಡದ ನೆತ್ತಿಯ ತನಕ ಹೋಗಿ, ತಂಪು ಗಾಳಿ ಕುಡಿದು, ವಾಪಸ್ಸು ಬಂದಿತ್ತು. ನೆತ್ತಿಯ ಮೇಲೆ ಡಿಜಿಟಲ್ ಬರುವುದು ದೊಡ್ಡ ಸಾಹಸವೇ? ನೆತ್ತಿಯ ಮೇಲೆ ನಿಂತರೆ ನನ್ನ ಬರಿಗಂಟಲೂ ಎರಡೂ ಕಡೆಗೆ ಕೇಳುತ್ತದೆ. ನಿಮ್ಮ ಗೋಪುರದ ಇಂಜಿನಿಯರ್ ಒಬ್ಬರು ಚಹಾ ಅಂಗಡಿಯಲ್ಲಿ ನನಗೆ ಬಿಡಿಸಿ ಹೇಳಿದರು: "ಹಳೇದು ದೂರ ಹೋದ ಹಾಗೆ ಕುಂಟುತ್ತೆ. ಹೊಸದಕ್ಕೆ ಕುಂಟೋದು ಗೊತ್ತಿಲ್ಲ. ಓಡುತ್ತೆ, ಓಡುತ್ತೆ, ಒಂದು ಕಡೆ ದಪ್ ಅಂತ ಕೂತುಬಿಡುತ್ತೆ." ಕುಂಟಿಕೊಂಡಾದರೂ ಮನೆ ಮುಟ್ಟುವವನನ್ನು ಮನೆಗೆ ಕಳಿಸುತ್ತೀರೋ, ಅರ್ಧ ದಾರಿಯಲ್ಲಿ ಅಂದವಾಗಿ ಕೂರುವವನನ್ನೋ? ಇದಕ್ಕೆ ಉತ್ತರಿಸಲು ತಜ್ಞರ ಸಮಿತಿ ಬೇಕೆ?

ಈ ಎಲ್ಲವನ್ನೂ ವಿನಯದಿಂದ ಬರೆದು ಎರಡು ಪತ್ರ ಕಳಿಸಿದೆ. ಉತ್ತರವಿಲ್ಲ. "ಪರಿಶೀಲನೆಯಲ್ಲಿದೆ" ಎಂಬ ಆ ಅಜರಾಮರ ವಾಕ್ಯವನ್ನಾದರೂ ನಿರೀಕ್ಷಿಸಿದ್ದೆ. ಅದೂ ಇಲ್ಲ. ಡಿಜಿಟಲ್ ತಂತ್ರಜ್ಞಾನವನ್ನು ಮೊದಲು ನಿಮ್ಮ ಕಚೇರಿಯ ಟಪಾಲು ವಿಭಾಗದಲ್ಲೇ ಅಳವಡಿಸಿದ್ದೀರೆಂದು ಕಾಣುತ್ತದೆ.

ಕಳೆದ ಭಾನುವಾರ ನಾದಿನಿ ಒಂದು ತಂತ್ರ ಹೂಡಿದಳು. ಕೆಳಗೆ ಕಪಾಟಿನಲ್ಲಿದ್ದ ಹಳೆಯ ರೇಡಿಯೋವನ್ನು ಇಸ್ತ್ರಿ ಮೇಜಿನ ಮೇಲಿಟ್ಟು, ಯಾರಿಗೂ ಏನೂ ಹೇಳದೆ, ಪೂರ್ತಿ ದನಿಗೆ ಕಿವಿ ತಿರುಚಿ ಹಾಕಿದಳು. ಗಿರಾಕಿಗಳಿಗೆ "ಇವತ್ತು ಯಾರೂ ಜಗಳ ಆಡ್ಬೇಡಿ, ಆಡಿದ್ರೆ ಬಟ್ಟೆ ಒದ್ದೆ ಒದ್ದೇನೇ ಕೊಡ್ತೀನಿ" ಎಂದು ತಾಕೀತು ಮಾಡಿದಳು. ನಾವು ಕೇಳುಗರ ಕೋರಿಕೆಯೆಂಬ ನೆಪ ಹೂಡಿ ಅದೇ ಕೋಟೆ ಬಾಗಿಲ ನಾಟಕವನ್ನು ಮತ್ತೆ ಇಟ್ಟುಕೊಂಡಿದ್ದೆವು. ಕೋರಿಕೆ ನನ್ನದೇ, ನಾನೂ ಒಬ್ಬ ಕೇಳುಗನೇ. ಗೊರಗೊರ, ಕರಕರ, ನಡುನಡುವೆ ಯಾವುದೋ ದೂರದ ಸ್ಟೇಷನ್ನಿನ ಹಾಡು, ಇವುಗಳ ನಡುವೆ ನನ್ನ ದನಿ ಲಾಂಡ್ರಿಯ ಹಬೆಯೊಳಗೆ ಎದ್ದು ಮೆಟ್ಟಿಲು ಹತ್ತಿತು. ಮೊದಲ ಅಂಕದಲ್ಲಿ ಮೇಲೆ ಬಾಗಿಲು ಹಾಕಿಕೊಂಡ ಸದ್ದು. ಎರಡನೆಯದರಲ್ಲಿ ಅದೇ ಬಾಗಿಲು ತೆರೆದ ಸದ್ದು. ಕೋಟೆಯ ದೃಶ್ಯದ ಹೊತ್ತಿಗೆ ಮಾವ ಮೆಟ್ಟಿಲ ತಲೆಯಲ್ಲಿ, ಮೋಟು ಸ್ಟೂಲಿನ ಮೇಲೆ ಕುಳಿತ ಹಾಗೆಯೇ ಕುಳಿತಿದ್ದರಂತೆ, ಬೆನ್ನು ಮುಂದಕ್ಕೆ ಬಾಗಿಸಿ. ನಾನು ಅರ್ಧ ಉಸಿರು ತಡೆದೆ. ಅವರು "ಬಾಗಿಲು ತೆಗೆ" ಎಂದರು. ನಾನೂ ಎಂದೆ. ಅವರು "ಒಳಗೆ ಕಿರೀಟ" ಎಂದರು. ನಾನೂ ಎಂದೆ. ಗೊರಗೊರದ ನಡುವೆ ನಾವಿಬ್ಬರೂ, ನಡುವೆ ಒಂದು ಗುಡ್ಡವನ್ನಿಟ್ಟುಕೊಂಡು, ಆ ದೃಶ್ಯವನ್ನು ದಡ ಮುಟ್ಟಿಸಿದೆವು. ಮುಗಿದ ಮೇಲೆ ಮಗಳ ಕಡೆ ತಿರುಗಿ ಮಾವ ಹೇಳಿದರಂತೆ: "ಅಳಿಯ... ಮರೀಲಿಲ್ಲ." ಮರೀಲಿಲ್ಲ! ಆ ಪದ ಯಾವ ನಾಟಕದ್ದೂ ಅಲ್ಲ ಮಾನ್ಯರೇ. ಅದು ಅವರ ಸ್ವಂತದ್ದು.

ಇದನ್ನು ಕೇಳಿ ಡಾಕ್ಟರಮ್ಮ ಕುರ್ಚಿಯಿಂದ ಎದ್ದುಬಿಟ್ಟರಂತೆ. "ಇದೇ, ಇದೇ ಬೇಕಾಗಿದ್ದು! ಒಂದು ವಾರಾನೂ ತಪ್ಪಿಸಬೇಡಿ" ಎಂದರು. ತಪ್ಪಿಸುವವರು ನಾವಲ್ಲ ಎಂದು ನಾದಿನಿ ನಿಮ್ಮ ಪ್ರಕಟಣೆಯನ್ನು ತೋರಿಸಿದಳು. ಹಾಗಾಗಿ ನನ್ನ ಬೇಡಿಕೆ ಕೇಳಿ. ಡಿಜಿಟಲ್ ಬರಲಿ, ಬೆಳೆಯಲಿ, ಅದಕ್ಕೆ ಹಾರ ಹಾಕಿ ಸ್ವಾಗತಿಸೋಣ. ಆದರೆ ನಿಮ್ಮ ವ್ಯಾನು ಗುಡ್ಡದ ನೆತ್ತಿಯಿಂದ ಕೆಳಗಿಳಿದು, ಲಾಂಡ್ರಿಯ ಮೆಟ್ಟಿಲು ಹತ್ತಿ, ಮಾವನ ಮಂಚದ ಪಕ್ಕದಲ್ಲಿ ಒಂದಿಡೀ ನಾಟಕವನ್ನು ಮೌನವಿಲ್ಲದೆ ಕೇಳಿಸಿಕೊಂಡು "ಬಂತು" ಎಂದು ಬರೆದುಕೊಡುವ ತನಕ ಅನಲಾಗ್ ಪ್ರಸಾರವನ್ನು ಆರಿಸಬೇಡಿ. ಈಗಿನಂತೆ ಎರಡನ್ನೂ ಜೊತೆಯಲ್ಲಿ ಕಳಿಸುತ್ತಲೇ ಇರಬಹುದೆಂದು ನಿಮ್ಮ ಇಂಜಿನಿಯರೇ ಹೇಳುತ್ತಾರೆ. ಶಕ್ತಿ ಸಾಲದಿದ್ದರೆ ಭಾನುವಾರ ಮಧ್ಯಾಹ್ನವೊಂದನ್ನಾದರೂ ಹಳೆಯದಕ್ಕೆ ಬಿಟ್ಟುಕೊಡಿ. ಗುಡ್ಡದಾಚೆ ನನ್ನ ಮಾವ ಒಬ್ಬರೇ ಇಲ್ಲ. ಆದರೆ ಒಬ್ಬರೇ ಇದ್ದಿದ್ದರೂ ನಾನು ಇಷ್ಟೇ ಗಟ್ಟಿಯಾಗಿ ಕೇಳುತ್ತಿದ್ದೆ.

ನಿನ್ನೆ ಮಾವನ ಬಳಿ ಕುಳಿತು ನಿಮ್ಮ ವಿಷಯ ಹೇಳಿದೆ. ಎರಡು ಪತ್ರ ಬರೆದೆ ಮಾವ, ಅಧಿಕಾರಿಗಳು ಒಂದು ಮಾತೂ ಆಡುತ್ತಿಲ್ಲ ಎಂದೆ. ಅವರ ಮುಖದಲ್ಲಿ ಸಿಟ್ಟು ಬರಲಿಲ್ಲ. ಕನಿಕರ ಬಂತು. ಸಭೆಯ ಮುಂದೆ ಕಂಗಾಲಾಗಿ ನಿಂತ ಹೊಸ ನಟನನ್ನು ನೋಡುವ ಕನಿಕರ. "ಮರೆತ್ರಾ?" ಎಂದು ಕೇಳಿ, ಗೂಟಕ್ಕೆ ತೂಗಿದ್ದ ಕೋಟಿನ ಕಡೆ ಕೈ ತೋರಿಸಿದರು.

"ಅಪ್ಪಾ, ನೀವೆಲ್ಲಿಗೆ?" ಎಂದಳು ನಾದಿನಿ.

"ಪಕ್ಕದಲ್ಲಿ... ಕೂರ್ತೀನಿ."

ನಾಳೆ ಬೆಳಿಗ್ಗೆ ನೀವು ಸಾರ್ವಜನಿಕರ ಅಹವಾಲು ಕೇಳುತ್ತೀರೆಂದು ನಿಮ್ಮ ಬಾಗಿಲ ಫಲಕದಲ್ಲಿದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಮಾವನನ್ನು ಕರೆದುಕೊಂಡು ಗುಡ್ಡ ಹತ್ತಿ ಇಳಿಯುತ್ತೇನೆ. ಇಸ್ತ್ರಿ ಮಾಡಿದ ಕೋಟು ಹಾಕಿಸುತ್ತೇನೆ. ನಿಮ್ಮ ಮೇಜಿನ ಎಡಗಡೆ, ಕಿಟಕಿಯ ಪರದೆಯ ಮಗ್ಗುಲಲ್ಲಿ, ಅವರ ಕುರ್ಚಿ ಹಾಕುತ್ತೇನೆ. ಅವರು ನಿಮಗೆ ಒಂದು ಉಸಿರು ಸಮಯ ಕೊಡುತ್ತಾರೆ. ನೀವು ಹೇಳಬೇಕಾದ ಮಾತು ದೊಡ್ಡದೇನಲ್ಲ: "ಹಳೇ ರೇಡಿಯೋ ನಡೀಲಿ." ನಿನ್ನೆಯಿಂದ ಮಾವ ಅದನ್ನೇ ಅಭ್ಯಾಸ ಮಾಡುತ್ತಿದ್ದಾರೆ. "ಹಳೇ" ಬರುತ್ತದೆ. "ರೇಡಿಯೋ" ಬರುತ್ತದೆ. ಮೂರನೆಯ ಪದದ ಹತ್ತಿರ ಬಾಯಿ ತೆರೆದು ನಿಂತುಬಿಡುತ್ತಾರೆ, ಎದುರಿಗಿದ್ದವರ ಮುಖ ನೋಡುತ್ತಾರೆ. ನಮ್ಮಲ್ಲಿ ಯಾರೂ ಅದನ್ನು ಹೇಳಿಕೊಡಬಾರದೆಂದು ನಾನು ಕಟ್ಟಪ್ಪಣೆ ಮಾಡಿದ್ದೇನೆ. ನಾಳೆ ಆ ಪದ ನಿಮ್ಮದು.

ಇಂತಿ,
ಸಭೆಯ ಮುಂದೆ ಎಂದೂ ಮಾತು ಮರೆಯದ, ಆದರೂ ಗುಡ್ಡದಾಚೆಯ ಬೇಕರಿಯವನಿಂದ ಇಂದಿಗೂ ಸಾಂತ್ವನ ಪಡೆಯುತ್ತಿರುವ,
ಭಾನುವಾರದ ರಾಜ